ಮೊಬೈಲು ಯಂತ್ರಗಳಲ್ಲಿ ಕನ್ನಡ ಲಿಪಿಯ ಜೋಡಣೆ

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರವು ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುದಾರಿಯಲ್ಲಿ ಒಂದು ಸಣ್ಣ ನಿಲ್ದಾಣ. ಅದರಾಚೆ ಸ್ವಲ್ಪ ದೂರಕ್ಕೇ ಒಂದು ಕಡೆ ಆಂಧ್ರದ ಕುಪ್ಪಂ ಸೀಮೆಯೂ ಮತ್ತೊಂದು ಕಡೆ ತಮಿಳುನಾಡಿನ ಕೃಷ್ಣಗಿರಿ ಸೀಮೆಯೂ ಮೊದಲಾಗುವುವು. ಸಮೀಪದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದುವಾದರೂ, ಗಣಿಯ ಕೆಲಸಕ್ಕೆಂದು ಬಂದು ನೆಲೆಸಿದ ತಮಿಳು ಮನೆತನಗಳು ಅಲ್ಲಿ ಇಂದಿಗೂ ಇವೆ. ಆದಕಾರಣ ಈ ಊರಿನ ಹೆಸರು ದಿನನಿತ್ಯವೂ ಕನ್ನಡ, ತೆಲುಗು, ತಮಿಳು ಎಂಬ ಮೂರು ಲಿಪಿಗಳಲ್ಲಿ ಬರೆಯಲ್ಪಡುತ್ತದೆ. ಈಗಿನ ಕಾಲದಲ್ಲಿ ಬಹುಮಟ್ಟಿಗೆ ಬರೆಯಲ್ಪಡುವುದು ಕಾಗದದ ಮೇಲಲ್ಲ, ಕೈಯಲ್ಲಿ ಹಿಡಿದ ಮೊಬೈಲಿನ ಗಾಜಿನ ಮೇಲೆ. ಆ ಮೊಬೈಲುಗಳು ಬೇರೆ ಬೇರೆ ಕಾರ್ಖಾನೆಗಳವು. ಅವುಗಳನ್ನು ನಡೆಸುವ ಮೂಲ ತಂತ್ರಾಂಶಗಳೂ ಬೇರೆ ಬೇರೆ. ಹೀಗಿದ್ದರೂ ಒಬ್ಬನು ಬರೆದು ಕಳುಹಿಸಿದ ‘ಕಾಮಸಮುದ್ರ’ ಎಂಬ ಮಾತು ಮತ್ತೊಬ್ಬನ ಯಂತ್ರದಲ್ಲಿ ದಕಾರದ ಕೆಳಗೆ ರಕಾರದ ಒತ್ತನ್ನು ತಪ್ಪದೆ ಹೊತ್ತುಕೊಂಡು ಕಾಣಿಸಿಕೊಳ್ಳುವುದು ಹೇಗೆ? ಅಚ್ಚುಕೂಟದಲ್ಲಿ ಈ ಕೆಲಸವನ್ನು ಮೊಳೆ ಜೋಡಿಸುವವನು ಮಾಡುತ್ತಿದ್ದನು. ಅವನ ಸ್ಥಾನದಲ್ಲಿ ಈಗ ನಿಂತಿರುವುದು ಯಾರು, ಅವನಿಗೆ ಕನ್ನಡ ಎಷ್ಟರಮಟ್ಟಿಗೆ ಬರುತ್ತದೆ ಎಂಬುದನ್ನು ವಿಚಾರಿಸುವುದು ಭಾಷಾಧ್ಯಾಪಕರಿಗೆ ಅಪ್ರಸ್ತುತವಾಗಲಾರದು.

ಮೊದಲು ಒಂದು ಪರಿಭಾಷೆಯ ಮಾತು. ತಂತ್ರಾಂಶ ರಚಿಸುವವರು ‘ಲೈಬ್ರರಿ’ ಎಂಬ ಶಬ್ದವನ್ನು ಬಳಸುವಾಗ ಪುಸ್ತಕಭಂಡಾರವೆಂಬ ಅರ್ಥ ಅವರ ಮನಸ್ಸಿನಲ್ಲಿರುವುದಿಲ್ಲ. ಒಂದು ಕೆಲಸವನ್ನು ಮಾಡುವ ವಿಧಿಗಳನ್ನು ಒಮ್ಮೆ ಬರೆದು ಪರೀಕ್ಷಿಸಿ ಒಂದೆಡೆ ಇಟ್ಟು, ಬೇಕಾದ ತಂತ್ರಾಂಶಗಳೆಲ್ಲ ಅದನ್ನು ಕರೆದು ದುಡಿಸಿಕೊಳ್ಳುವಂತೆ ಮಾಡಿದ ಕಟ್ಟಿಗೆ ಆ ಹೆಸರು. ವೈಯಾಕರಣರ ಸೂತ್ರಪಾಠಕ್ಕೆ ಇದನ್ನು ಹೋಲಿಸಿದರೆ ತಪ್ಪಾಗದು: ಸೂತ್ರ ಒಂದೇ, ಪ್ರಯೋಗಿಸುವವರು ಅನೇಕರು. ಒಂದೇ ಕಟ್ಟು ಬೇರೆ ಬೇರೆ ಜಾತಿಯ ಯಂತ್ರಗಳಲ್ಲಿಯೂ ಒಂದೇ ಫಲವನ್ನು ಕೊಡುವಂತೆ ರಚಿತವಾಗಿದ್ದರೆ ಅದು ಬಹುಯಂತ್ರ ಸಾಧಾರಣವೆನಿಸುತ್ತದೆ. ಲಿಪಿಜೋಡಣೆಯ ವಿಷಯದಲ್ಲಿ ಇಂಥ ಲೈಬ್ರರಿಗಳ ಪೈಕಿ ಮುಖ್ಯವಾದುದು ‘ಹಾರ್ಫ್‌ಬಜ್’. ಪಾರಸಿಯಲ್ಲಿ ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದದ್ದು. ‘ಓಪನ್ ಟೈಪ್’ ಎಂಬ ಫಾಂಟು ವಿಧಾನದ ಹೆಸರನ್ನೇ ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಹೀಗೆ ಪಾರಸಿಗೆ ತಿರುಗಿಸಿದರು. ಮೊದಲು ಬೇರೆ ಬೇರೆ ತಂತ್ರಾಂಶಗಳೊಳಗೆ ಚದರಿಕೊಂಡಿದ್ದ ವಿಧಿಗಳನ್ನು ಕೂಡಿಸಿ, ಅನಂತರ ಎಲ್ಲವನ್ನೂ ಹೊಸದಾಗಿ ಬರೆದು ಸಿದ್ಧಪಡಿಸಿದ ಈ ಲೈಬ್ರರಿಯ ೧.೦ ಆವೃತ್ತಿಯು ೨೦೧೫ರಲ್ಲಿ ಹೊರಬಂದಿತು. ಆಂಡ್ರಾಯ್ಡ್ ಮೊಬೈಲುಗಳೂ, ಫೈರ್‌ಫಾಕ್ಸ್ ಕ್ರೋಮ್‌ಗಳೆಂಬ ಜಾಲದರ್ಶಕಗಳೂ, ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶವೂ ಕನ್ನಡವನ್ನು ಜೋಡಿಸುವುದು ಇದರಿಂದಲೇ. ಆಪಲ್ ಸಂಸ್ಥೆಯ ಮೊಬೈಲುಗಳಲ್ಲಿ ‘ಕೋರ್‌ಟೆಕ್ಸ್ಟ್’ ಎಂಬ ಬೇರೆಯ ಜೋಡಣೆಗಾರನುಂಟು.

ಯಂತ್ರವು ಅಕ್ಷರಗಳನ್ನು ಅರಿಯದು, ಸಂಖ್ಯೆಗಳನ್ನು ಮಾತ್ರ ಅರಿಯುವುದು ಎಂಬುದು ವಿದಿತವಾದ ವಿಷಯ. ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಪದ್ಧತಿಯು ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಪಾಳಿಯನ್ನು ಮೀಸಲಿಟ್ಟಿದೆ. ಇದಕ್ಕೆ ಮಾದರಿಯಾದುದು ಭಾರತದಲ್ಲಿಯೇ ಏರ್ಪಟ್ಟಿದ್ದ ‘ಇಸ್ಕಿ’ ಎಂಬ ೧೯೮೮ರ ಪದ್ಧತಿ. ಅದರಲ್ಲಿ ಭಾರತೀಯ ಲಿಪಿಗಳನ್ನೆಲ್ಲ ಒಂದೇ ವರ್ಣಮಾಲೆಯ ಕ್ರಮದಲ್ಲಿ ಒಂದರ ಪಕ್ಕಕ್ಕೆ ಒಂದನ್ನು ಹೊಂದಿಸಿದ್ದರು. ಇದರ ಫಲವಾಗಿ ಕಾಮಸಮುದ್ರದ ಸುತ್ತಿನ ಮೂರು ಲಿಪಿಗಳೂ ಯೂನಿಕೋಡಿನಲ್ಲಿ ಮಗ್ಗುಲು ಮಗ್ಗುಲಾಗಿಯೇ ಬಿದ್ದಿವೆ: ತಮಿಳಿನ ಕಕಾರ ೨೯೬೫, ತೆಲುಗಿನದು ೩೦೯೩, ಕನ್ನಡದ್ದು ೩೨೨೧. ಒಂದೊಂದಕ್ಕೂ ನಡುವಣ ಅಂತರ ೧೨೮. ಕನ್ನಡದ ಯಾವ ವ್ಯಂಜನದ ಸಂಖ್ಯೆಯಿಂದ ೧೨೮ನ್ನು ಕಳೆದರೂ ಸಾಧಾರಣವಾಗಿ ಅದರ ತೆಲುಗು ಜೋಡಿ ಸಿಕ್ಕುವುದು. ಇನ್ನೊಮ್ಮೆ ಕಳೆದರೆ ತಮಿಳಿನದು. ಆದರೆ ಕಾಮಸಮುದ್ರದ ದಕಾರಕ್ಕೆ ಹೀಗೆ ಮಾಡಿದರೆ ತಮಿಳಿನಲ್ಲಿ ಬರಿದಾದ ಸ್ಥಾನವೊಂದು ಎದುರಾಗುವುದು. ವರ್ಗದ ಮೂರನೆಯ ಅಕ್ಷರ ತಮಿಳು ಬರವಣಿಗೆಯಲ್ಲಿ ಇಲ್ಲದಿರುವುದರಿಂದ ಅಲ್ಲಿ ಏನನ್ನೂ ಇಟ್ಟಿಲ್ಲ.

ಈ ಏರ್ಪಾಟಿನಲ್ಲಿ ‘ಕಾಮಸಮುದ್ರ’ ಎಂಬ ಪದಕ್ಕೆ ಒಂಬತ್ತು ಸಂಖ್ಯೆಗಳು: ಕ, ಆಕಾರದ ಇಳಿ, ಮ, ಸ, ಮ, ಉಕಾರದ ಕೊಂಬು, ದ, ಹಲಂತ ಚಿಹ್ನೆ, ರ. ಕಣ್ಣಿಗೆ ಕಾಣುವ ಅಕ್ಷರಗಳು ಐದು. ಛಂದಸ್ಸಿನ ದೃಷ್ಟಿಯಿಂದ ನೋಡಿದರೆ ‘ಮು’ವು ಒತ್ತಕ್ಷರದ ಹಿಂದೆ ಬಂದು ಗುರುವಾಗುವುದರಿಂದ ಮಾತ್ರೆಗಳು ಏಳು. ಪದದ ಉದ್ದವೆಷ್ಟೆಂದು ಕೇಳಿದರೆ ಯಂತ್ರವು ತಾನಾಗಿ ಕೊಡುವ ಉತ್ತರವು ಒಂಬತ್ತು; ಅಕ್ಷರಗಣಕ್ಕಾಗಲಿ ಮಾತ್ರಾಗಣಕ್ಕಾಗಲಿ ಇದರಿಂದ ಪ್ರಯೋಜನವಿಲ್ಲ. ಷಟ್ಪದಿಯ ಪ್ರಸ್ತಾರವನ್ನು ಯಂತ್ರದಿಂದ ಹಾಕಿಸಹೊರಟವರು ಮೊದಲು ಎಡವುವುದು ಇಲ್ಲಿಯೇ.

ದ, ಹಲಂತ, ರ ಎಂಬ ಮೂರು ಸಂಖ್ಯೆಗಳಲ್ಲಿ ‘ಒತ್ತು’ ಎಂಬುದು ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಯೂನಿಕೋಡಿನಲ್ಲಿ ಕನ್ನಡದ ಒತ್ತುಗಳಿಗೆ ಬೇರೆ ಸಂಖ್ಯೆಗಳನ್ನು ಕೊಟ್ಟಿಲ್ಲ. ಅದು ಉಚ್ಚಾರಣೆಯ ಕ್ರಮವನ್ನು ಮಾತ್ರ ದಾಖಲಿಸುತ್ತದೆ. ಅದನ್ನು ಬರವಣಿಗೆಯ ಕ್ರಮಕ್ಕೆ ತಿರುಗಿಸುವ ಹೊಣೆ ಜೋಡಣೆಗಾರನದು. ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಜೊತೆಗೆ ಬರುತ್ತಿದ್ದ ಹಳೆಯ ಫಾಂಟುಗಳ ಕ್ರಮ ಇದಕ್ಕೆ ವಿರುದ್ಧವಾಗಿತ್ತು. ಅಲ್ಲಿ ಒಂದೊಂದು ಸಂಖ್ಯೆಗೂ ಅಕ್ಷರದ ಒಂದೊಂದು ಚೂರು: ತಲೆಕಟ್ಟಿಲ್ಲದ ಕಕಾರ, ಗುಡಿಸು ಕೂಡಿಕೊಂಡ ಮಕಾರ, ಬಿಡಿಯಾದ ಒತ್ತು. ಅಚ್ಚುಮೊಳೆಯ ಪೆಟ್ಟಿಗೆಯನ್ನೇ ಯಂತ್ರದೊಳಗೆ ಇರಿಸಿದಂತಾಗಿತ್ತು. ಕಂಪ್ಯೂಟರಿಗೆ ಭಾರತೀಯ ಲಿಪಿಗಳ ಪರಿಚಯವೇ ಇಲ್ಲದಿದ್ದ ಕಾಲದಲ್ಲಿ ಆ ಉಪಾಯವು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಅಸಂಖ್ಯಾತ ಪುಸ್ತಕಗಳು ಅದರಿಂದಲೇ ಅಚ್ಚಾದುವು. ಆದರೆ ಆ ಚೂರುಗಳು ಕುಳಿತಿದ್ದುದು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ. ಆದ್ದರಿಂದ ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಅಂಥ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಗೀಚು. ಮಾತಿನ ಕ್ರಮವನ್ನು ಬರೆದಿಟ್ಟರೆ ಅದು ಯಾವ ಯಂತ್ರಕ್ಕೂ ಸಲ್ಲುತ್ತದೆ, ಮೊಳೆಯ ಕ್ರಮವನ್ನು ಬರೆದಿಟ್ಟರೆ ಆ ಪೆಟ್ಟಿಗೆ ಇರುವಲ್ಲಿ ಮಾತ್ರ ಸಲ್ಲುತ್ತದೆ. ಬಹುಯಂತ್ರ ಸಾಧಾರಣವಾದ ಜೋಡಣೆಗೆ ಯೂನಿಕೋಡ್ ಏಕೆ ಅವಶ್ಯಕವೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನು ಜೋಡಣೆಯ ಕ್ರಮ. ಪತ್ರಗಳ ತಲೆಯಲ್ಲಿ ಬರೆಯುವ ‘ಶ್ರೀ’ಕಾರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯಂತ್ರದಲ್ಲಿ ಅದು ಶ, ಹಲಂತ, ರ, ದೀರ್ಘ ಈಕಾರ ಎಂಬ ನಾಲ್ಕು ಸಂಖ್ಯೆಗಳ ಸಾಲು. ಬರೆಯುವ ಕೈಯಾದರೋ ಮೊದಲು ಶಕಾರಕ್ಕೆ ಗುಡಿಸನ್ನು ಕೂಡಿಸಿ ‘ಶಿ’ ಎಂದು ಬರೆದು, ಅದರ ಕೆಳಗೆ ರಕಾರದ ಒತ್ತನ್ನು ಎಳೆದು, ಎಲ್ಲಕ್ಕೂ ಕೊನೆಯಲ್ಲಿ ದೀರ್ಘದ ಚಿಹ್ನೆಯನ್ನು ಇಡುವುದು. ಎಂದರೆ ರಕಾರದ ಅನಂತರ ಉಚ್ಚರಿಸಲ್ಪಡುವ ಸ್ವರವು ಎರಡಾಗಿ ಸೀಳಿ, ಅದರ ಒಂದು ಭಾಗ ಒತ್ತಿಗೆ ಹಿಂದೆಯೂ ಮತ್ತೊಂದು ಭಾಗ ಒತ್ತಿಗೆ ಮುಂದೆಯೂ ನಿಲ್ಲುತ್ತದೆ. ಶಾಲೆಯ ಮಗುವಿಗೆ ಉಪಾಧ್ಯಾಯರು ಕೈಹಿಡಿದು ತಿದ್ದಿಸುವ ಈ ಕ್ರಮವನ್ನು ಲೈಬ್ರರಿಗೆ ಮಾತಿನಲ್ಲಿ ವಿಧಿಸಬೇಕು.

ಅದು ಮಾಡುವುದಿಷ್ಟು. ಮೊದಲು ಸಾಲನ್ನು ಅಕ್ಷರಗಳಾಗಿ ಒಡೆಯುವುದು: ಹಲಂತದಿಂದ ಕೂಡಿದ ವ್ಯಂಜನಗಳು ಎಷ್ಟಾದರೂ, ಆಮೇಲೆ ಒಂದು ವ್ಯಂಜನ, ಅದರ ಮೇಲೊಂದು ಸ್ವರಚಿಹ್ನೆ, ಬೇಕಾದರೆ ಬಿಂದು ವಿಸರ್ಗಗಳು, ಇಷ್ಟು ಸೇರಿದರೆ ಒಂದಕ್ಷರ. ಆಮೇಲೆ ಆ ಗುಂಪಿನಲ್ಲಿ ಆಧಾರವ್ಯಂಜನ ಯಾವುದೆಂದು ಗೊತ್ತುಮಾಡುವುದು. ದೇವನಾಗರಿಯಲ್ಲಿ ಆಧಾರವು ಸಾಮಾನ್ಯವಾಗಿ ಕೊನೆಯ ವ್ಯಂಜನ, ಹಿಂದಿನವು ಅರ್ಧರೂಪದಲ್ಲಿ ನಿಲ್ಲುವುವು; ಕನ್ನಡದಲ್ಲಿ ಆಧಾರವು ಮೊದಲನೆಯದು, ಮಿಕ್ಕವು ಒತ್ತಾಗಿ ಕೆಳಗಿಳಿಯುವುವು. ಮೂರನೆಯದಾಗಿ ಸ್ವರಚಿಹ್ನೆಗಳನ್ನು ಅವುಗಳ ಸ್ಥಾನಕ್ಕೆ ಸರಿಸುವುದು. ಇಳಿ, ಗುಡಿಸು, ಕೊಂಬು, ಎತ್ವಗಳು ಒತ್ತಿಗಿಂತ ಮೊದಲು ಆಧಾರಕ್ಕೆ ಅಂಟಿಕೊಳ್ಳತಕ್ಕವು. ವಟ್ರಸುಳಿಯೂ ದೀರ್ಘದ ಚಿಹ್ನೆಯೂ ಐತ್ವದ ಕೆಳಭಾಗವೂ ಒತ್ತಿನ ಅನಂತರ ಬರತಕ್ಕವು. ಕ್ಯಾಸಂಬಳ್ಳಿಯ ‘ಕ್ಯಾ’ದಲ್ಲಿ ಇಳಿಯು ಕಕಾರದ ಮೇಲೆ ಹೋಗಿ ಯಕಾರದ ಒತ್ತು ಅದರಾಚೆ ಉಳಿಯುವುದೂ, ‘ಳ್ಳಿ’ಯಲ್ಲಿ ಗುಡಿಸು ಮೇಲಣ ಳಕಾರವನ್ನು ಸೇರುವುದೂ ಈ ವಿಧಿಯಿಂದಲೇ. ಇಷ್ಟಾದ ಮೇಲೆ ಫಾಂಟಿನೊಳಗಣ ಪಟ್ಟಿಗಳನ್ನು ನೋಡಿ, ಯಾವ ಕ್ರಮಕ್ಕೆ ಯಾವ ರೂಪವನ್ನು ಇಡಬೇಕು, ಅದನ್ನು ಎಷ್ಟು ಎಡಕ್ಕೆ ಎಷ್ಟು ಕೆಳಕ್ಕೆ ನಿಲ್ಲಿಸಬೇಕು ಎಂಬುದನ್ನು ಲೆಕ್ಕಹಾಕಿ ರೂಪಗಳ ಒಂದು ಹೊಸ ಸಾಲನ್ನು ಹಿಂದಿರುಗಿಸುವುದು. ಚಿತ್ರಿಸುವ ಕೆಲಸ ಅದರದಲ್ಲ; ಆ ಭಾರ ಬೇರೆ ತಂತ್ರಾಂಶದ್ದು. ಈ ವಿಭಾಗವೇ ಅದನ್ನು ಹಗುರವಾಗಿಯೂ ಎಲ್ಲಿಗೆ ಬೇಕಾದರೂ ಸಾಗಿಸಬಹುದಾದಂತೆಯೂ ಇಟ್ಟಿರುವುದು.

ಕನ್ನಡ ತೆಲುಗು ಲಿಪಿಗಳ ಸಂಬಂಧವನ್ನು ಅಭ್ಯಾಸಮಾಡುವವರಿಗೆ ಈ ಲೈಬ್ರರಿಯ ಒಂದು ಸಣ್ಣ ಪಟ್ಟಿ ಬಹಳ ಸ್ವಾರಸ್ಯವಾಗಿ ಕಾಣಬಹುದು. ಭಾರತೀಯ ಲಿಪಿಗಳಿಗೆಲ್ಲ ಸಾಧಾರಣವಾದ ಒಂದೇ ವಿಧಿಸಮುದಾಯವನ್ನು ಬರೆದು, ಒಂದೊಂದು ಲಿಪಿಯ ವಿಶೇಷಗಳನ್ನು ಮಾತ್ರ ಪಟ್ಟಿಯ ಒಂದೊಂದು ಸಾಲಿನಲ್ಲಿ ಸೂಚಿಸಿದ್ದಾರೆ: ಹಲಂತದ ಸಂಖ್ಯೆ ಯಾವುದು, ಆಧಾರವನ್ನು ಹುಡುಕುವುದು ಹೇಗೆ, ರೇಫ ಎಲ್ಲಿ ನಿಲ್ಲಬೇಕು, ರೇಫ ತಾನಾಗಿ ಬರಬೇಕೋ ಕೇಳಿದರೆ ಮಾತ್ರ ಬರಬೇಕೋ, ಕೆಳಗಿನ ಒತ್ತುಗಳ ರೀತಿ ಏನು. ಇವುಗಳಲ್ಲಿ ತೆಲುಗಿನ ಸಾಲಿಗೂ ಕನ್ನಡದ ಸಾಲಿಗೂ, ಹಲಂತದ ಸಂಖ್ಯೆಯೊಂದನ್ನು ಬಿಟ್ಟರೆ, ವ್ಯತ್ಯಾಸ ಇರುವುದು ಒಂದೇ ಕಡೆ. ಕನ್ನಡದಲ್ಲಿ ರಕಾರವೂ ಹಲಂತವೂ ಮೊದಲು ಬಂದು ಇನ್ನೊಂದು ವ್ಯಂಜನ ಹಿಂಬಾಲಿಸಿದರೆ ರೇಫವು ತಾನಾಗಿಯೇ ಒಂಬತ್ತರ ಅಂಕಿಯನ್ನು ಹೋಲುವ ಅರ್ಕಾವೊತ್ತಾಗಿ ಅಕ್ಷರದ ಕೊನೆಗೆ ಹೋಗುವುದು. ತೆಲುಗಿನಲ್ಲಿ ಹಾಗಾಗದು, ಅಲ್ಲಿ ರಕಾರವೇ ಆಧಾರವಾಗಿ ನಿಂತು ಮುಂದಿನ ವ್ಯಂಜನವು ಒತ್ತಾಗುವುದು. ತೆಲುಗಿನಲ್ಲಿಯೂ ಹಿಂದೆ ‘ವಲಪಲಗಿಲಕ’ವೆಂಬ ಹೆಸರಿನಿಂದ ಅರ್ಕಾವೊತ್ತಿನ ಜೊತೆಯದೊಂದು ಚಿಹ್ನೆ ರೂಢಿಯಲ್ಲಿದ್ದು, ಈಗ ಬಹುಮಟ್ಟಿಗೆ ಬಿಟ್ಟುಹೋಗಿದೆ. ಆ ಹಳೆಯ ರೂಪವನ್ನು ಬರೆಯಬೇಕೆಂದವರು ಕಣ್ಣಿಗೆ ಕಾಣದ ಒಂದು ಗುರುತನ್ನು ನಡುವೆ ಇಟ್ಟು ಕೇಳಿ ಪಡೆಯಬೇಕು. ಒಂದು ಲಿಪಿಯಿಂದ ಒಡೆದು ಬೇರೆಯಾದ ಎರಡು ಲಿಪಿಗಳ ಭೇದವು, ತಂತ್ರಾಂಶಗಾರರ ಪಟ್ಟಿಯಲ್ಲಿಯೂ, ಹೌದು ಅಲ್ಲ ಎಂಬಷ್ಟು ಸಂಕ್ಷೇಪವಾಗಿ ದಾಖಲಾಗಿರುವುದು ಆಶ್ಚರ್ಯಕರವಾಗಿದೆ. ಗಡಿಯ ಊರಿನ ಒಬ್ಬನು ಬೆಳಿಗ್ಗೆ ತೆಲುಗಿನಲ್ಲಿಯೂ ಸಂಜೆ ಕನ್ನಡದಲ್ಲಿಯೂ ‘ಧರ್ಮ’ವೆಂದು ಬರೆದರೆ ಅವನ ಮೊಬೈಲು ನೋಡುವುದು ಆ ಒಂದು ಅಂಶವನ್ನು. ತಮಿಳಿಗೆ ಬಂದರೆ ತೊಡಕು ಕಡಿಮೆ: ವ್ಯಂಜನದ ಮೇಲೆ ಚುಕ್ಕೆಯಿಟ್ಟು ಮುಂದಿನದನ್ನು ಪಕ್ಕದಲ್ಲಿ ಬರೆಯುವುದೇ ಅಲ್ಲಿಯ ರೂಢಿ, ‘ಕ್ಷ’, ‘ಶ್ರೀ’ಗಳಂಥ ಒಂದೆರಡು ಮಾತ್ರ ಕೂಡಕ್ಷರಗಳು.

ಕನ್ನಡದಲ್ಲಿ ರೇಫವನ್ನು ತಡೆಯಬೇಕಾದ ಸಂದರ್ಭವೂ ಉಂಟು. ‘ಸೂರ್ಯ’ದಲ್ಲಿ ಅರ್ಕಾವೊತ್ತು ಸಹಜ, ಆದರೆ ಇಂಗ್ಲಿಷಿನಿಂದ ಬಂದ ‘ರ‍್ಯಾಂಕ್’ ಎಂಬ ಮಾತಿನಲ್ಲಿ ರಕಾರವು ಮೇಲೆಯೇ ನಿಂತು ಯಕಾರವು ಒತ್ತಾಗಬೇಕು. ಎರಡಕ್ಕೂ ಉಚ್ಚಾರಣೆಯ ಕ್ರಮ ಒಂದೇ ಆಗಿರುವುದರಿಂದ ಭೇದವನ್ನು ತೋರಿಸಲು ರಕಾರಕ್ಕೂ ಹಲಂತಕ್ಕೂ ನಡುವೆ ಅಗಲವಿಲ್ಲದ ಜೋಡಣೆಗುರುತೊಂದನ್ನು ಇಡಬೇಕೆಂದು ಯೂನಿಕೋಡ್ ವಿಧಿಸಿದೆ. ಇದಕ್ಕೆ ಪ್ರತಿಯಾಗಿ ಅಗಲವಿಲ್ಲದ ಬೇರ್ಪಡೆಗುರುತೂ ಒಂದುಂಟು. ಅದರ ಸಂಖ್ಯೆ ೮೨೦೪. ಚಿನ್ನದ ಗಣಿಯ ಪೇಟೆಗಳು ಈ ಗುರುತಿಗೆ ಒಳ್ಳೆಯ ನಿದರ್ಶನ. ‘ರಾಬರ್ಟ್‌ಸನ್‌ಪೇಟೆ’ ಎಂದು ಸರಿಯಾಗಿ ಕಾಣಬೇಕಾದರೆ ಹದಿನಾರು ಸಂಖ್ಯೆಗಳು ಬೇಕು. ಅವುಗಳಲ್ಲಿ ಎರಡು, ಟಕಾರದ ಹಲಂತದ ಮೇಲೊಂದು ನಕಾರದ ಹಲಂತದ ಮೇಲೊಂದು, ಕಣ್ಣಿಗೆ ಕಾಣುವುದೇ ಇಲ್ಲ. ಆ ಎರಡನ್ನು ಬಿಟ್ಟರೆ ಅದೇ ಊರು ‘ರಾಬರ್ಟ್ಸನ್ಪೇಟೆ’ಯಾಗಿ ಬದಲಾಗುತ್ತದೆ. ಬಂಗಾರಪೇಟೆಯ ಹಿಂದಿನ ಹೆಸರಾದ ‘ಬೌರಿಂಗ್‌ಪೇಟೆ’ಯಲ್ಲಿಯೂ ಇಂಥದೇ ಒಂದು ಅಡಗಿದೆ. ಕನ್ನಡ ಪದಗಳ ಮಧ್ಯೆ ಹಲಂತವು ಅಪೂರ್ವವಾದುದರಿಂದ ಪೂರ್ವದ ಲಿಪಿಕಾರರಿಗೆ ಈ ಕಷ್ಟ ಹೆಚ್ಚಾಗಿರಲಿಲ್ಲ. ಅನ್ಯದೇಶ್ಯ ಹೆಸರುಗಳು ಬಂದು ಇದನ್ನು ದಿನದ ಅವಶ್ಯಕತೆಯಾಗಿ ಮಾಡಿದುವು. ಕಾಣದ ಗುರುತನ್ನು ಬೆರಳಚ್ಚಿನವನು ಮರೆತರೆ ತಪ್ಪು ಕಾಣುತ್ತದೆ, ಅದು ಒಳಿತು. ಕಾಣದೆಯೇ ಉಳಿಯುವ ತಪ್ಪು ಹೆಚ್ಚು ಅಪಾಯಕರ.

ಅಂಥ ತಪ್ಪುಗಳಲ್ಲಿ ಮುಖ್ಯವಾದುದು ಸೊನ್ನೆಯದು. ಕನ್ನಡದ ಅನುಸ್ವಾರಕ್ಕೆ ೩೨೦೨ ಎಂಬ ಸಂಖ್ಯೆಯೂ ಕನ್ನಡದ ಅಂಕಿ ಸೊನ್ನೆಗೆ ೩೩೦೨ ಎಂಬ ಸಂಖ್ಯೆಯೂ ಸಂದಿವೆ. ಎರಡರ ಆಕಾರವೂ ಒಂದೇ ವೃತ್ತ. ‘ಬಂಗಾರಪೇಟೆ’ಯ ಬಿಂದುವಿನ ಸ್ಥಾನದಲ್ಲಿ ಅಂಕಿಯನ್ನು ಒತ್ತಿದರೆ ಕಣ್ಣು ಅದನ್ನು ಕಂಡುಹಿಡಿಯಲಾರದು, ಆದರೆ ಹುಡುಕಿದವನಿಗೆ ಆ ಪುಟ ಸಿಕ್ಕುವುದಿಲ್ಲ, ಅಕಾರಾದಿಯಲ್ಲಿ ಆ ಪದ ತನ್ನ ಸ್ಥಾನಕ್ಕೆ ಬರುವುದಿಲ್ಲ. ಜೋಡಣೆಯ ಲೈಬ್ರರಿಯು ಇದನ್ನು ತಿದ್ದದು, ತಿದ್ದಲೂ ಕೂಡದು. ಬರೆದುದನ್ನು ಬದಲಾಯಿಸುವುದು ಜೋಡಿಸುವವನ ಅಧಿಕಾರವಲ್ಲ. ಇನ್ನೊಂದು ಬಗೆಯ ಸಮಾನರೂಪಗಳು ನಿರಪರಾಧಿಯಾದವು. ‘ಬೂದಿಕೋಟೆ’ಯ ಓತ್ವವನ್ನು ಒಂದೇ ಸಂಖ್ಯೆಯಿಂದಲೂ ಬರೆಯಬಹುದು, ಎತ್ವ ಕೊಂಬು ದೀರ್ಘ ಎಂಬ ಮೂರು ಸಂಖ್ಯೆಗಳಿಂದಲೂ ಬರೆಯಬಹುದು, ಎರಡೂ ಸಮವೆಂದು ಯೂನಿಕೋಡ್ ಶಾಸನಮಾಡಿರುವುದರಿಂದ ಜೋಡಣೆಗಾರನು ಎರಡನ್ನೂ ಒಂದೇ ರೀತಿಯಲ್ಲಿ ತೋರಿಸುವನು. ಹುಡುಕುವ ತಂತ್ರಾಂಶಕ್ಕೆ ಮಾತ್ರ ಈ ಸಮತೆಯನ್ನು ಬೇರೆಯಾಗಿ ಕಲಿಸಬೇಕಾಗುತ್ತದೆ.

ಈಗ ಬಹುಯಂತ್ರ ಸಾಧಾರಣತೆಯ ಪ್ರಶ್ನೆ. ಆಂಡ್ರಾಯ್ಡಿನ ತಂತ್ರಾಂಶಗಳನ್ನು ಬಹುಮಟ್ಟಿಗೆ ಜಾವಾ ಅಥವಾ ಕಾಟ್ಲಿನ್ ಎಂಬ ಭಾಷೆಗಳಲ್ಲಿಯೂ ಆಪಲ್ ಮೊಬೈಲುಗಳವನ್ನು ಸ್ವಿಫ್ಟ್ ಮೊದಲಾದ ಭಾಷೆಗಳಲ್ಲಿಯೂ ಬರೆಯುವರು. ಒಂದರಲ್ಲಿ ಬರೆದದ್ದು ಮತ್ತೊಂದಕ್ಕೆ ನೇರವಾಗಿ ಸಲ್ಲದು. ಆದರೆ ‘ಸಿ’ ಎಂಬ ಹಳೆಯ ಭಾಷೆಯ ಮಾತು ಎರಡು ಕಡೆಗೂ ಅರ್ಥವಾಗುವುದು. ಅದುಕಾರಣ ಇಂಥ ಲೈಬ್ರರಿಗಳ ಒಳತಿರುಳನ್ನು ಸಿ ಅಥವಾ ಅದರ ವಂಶದ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ರಚಿಸಿ, ಹೊರಗಿನಿಂದ ಕರೆಯುವ ಬಾಗಿಲುಗಳನ್ನು ಮಾತ್ರ ಸಿ ಭಾಷೆಯ ಕ್ರಮದಲ್ಲಿ ಇಡುವರು. ಆಮೇಲೆ ಒಂದೊಂದು ಯಂತ್ರಕ್ಕೂ ತೆಳುವಾದ ಒಂದು ಹೊದಿಕೆಯನ್ನು ಹೊಲಿಯುವರು. ತಿರುಳು ಯಾವ ಯಂತ್ರದ ವಿಶೇಷ ಸೌಲಭ್ಯವನ್ನೂ ನೆಚ್ಚಬಾರದು, ಕಡತವನ್ನು ತಾನಾಗಿ ತೆರೆಯಬಾರದು, ತೆರೆಯ ಮೇಲೆ ತಾನಾಗಿ ಬರೆಯಬಾರದು. ಕೊಟ್ಟ ಪಾಠವನ್ನೂ ಕೊಟ್ಟ ಫಾಂಟನ್ನೂ ತೆಗೆದುಕೊಂಡು ಫಲವನ್ನು ಹಿಂದಿರುಗಿಸಬೇಕು. ಈ ಸಂಯಮ ಸಡಿಲವಾದರೆ ಸಾಧಾರಣತೆ ಕೆಡುವುದು.

ಹೊದಿಕೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಜಾವಾ ಮೊದಲಾದುವು ಅಕ್ಷರದ ಸಂಖ್ಯೆಯನ್ನು ಎರಡು ಬೈಟುಗಳ ಅಳತೆಯಲ್ಲಿ ಇಡುವುವು. ಸಿ ಭಾಷೆಯ ತಂತ್ರಾಂಶಗಳು ಸಾಮಾನ್ಯವಾಗಿ ಬಳಸುವ ಇನ್ನೊಂದು ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಖ್ಯೆಗೂ ಮೂರು ಬೈಟುಗಳು. ‘ಕಾಮಸಮುದ್ರ’ವು ಒಂದೆಡೆ ಹದಿನೆಂಟು ಬೈಟು, ಇನ್ನೊಂದೆಡೆ ಇಪ್ಪತ್ತೇಳು. ಜೋಡಿಸಿದ ರೂಪಗಳಲ್ಲಿ ಐದನೆಯದು ಮೂಲಪಾಠದ ಎಷ್ಟನೆಯ ಸಂಖ್ಯೆಗೆ ಸೇರಿದ್ದು ಎಂಬ ಲೆಕ್ಕ ತಪ್ಪಿದರೆ, ಬರೆಯುವವನು ಬೆರಳಿಟ್ಟ ಕಡೆ ಗುರುತು ನಿಲ್ಲದೆ ಬೇರೆಲ್ಲಿಯೋ ನಿಲ್ಲುವುದು. ಇದನ್ನು ತಡೆಯಲು ಲೈಬ್ರರಿಯು ಪ್ರತಿಯೊಂದು ರೂಪದ ಜೊತೆಗೂ ಅದು ಯಾವ ಗುಂಪಿನಿಂದ ಹುಟ್ಟಿತೆಂಬ ಸಂಖ್ಯೆಯನ್ನು ಕಟ್ಟಿ ಕಳುಹಿಸುವುದು. ‘ಶ್ರೀ’ಯ ಮೂರು ಚೂರುಗಳಿಗೂ ಒಂದೇ ಗುಂಪಿನ ಸಂಖ್ಯೆಯಿರುವುದರಿಂದ ಗುರುತು ಅವುಗಳ ನಡುವೆ ನುಗ್ಗುವುದಿಲ್ಲ. ಅಳಿಸುವ ಗುಂಡಿಯನ್ನು ಒಮ್ಮೆ ಒತ್ತಿದರೆ ಅಕ್ಷರವೆಲ್ಲ ಹೋಗಬೇಕೋ ದೀರ್ಘವೊಂ‌ದೇ ಹೋಗಬೇಕೋ ಎಂಬುದು ಬೇರೆಯ ಚರ್ಚೆ. ಅದರಲ್ಲಿ ಯಂತ್ರಗಳು ಒಂದೇ ಮತದಲ್ಲಿಲ್ಲ.

ಈ ಸಾಧನ ಒದಗಿಬರುವುದಕ್ಕೆ ಮುಂಚೆ ಮೊಬೈಲುಗಳಲ್ಲಿ ಕನ್ನಡದ ಸ್ಥಿತಿ ಶೋಚನೀಯವಾಗಿತ್ತು. ಆಂಡ್ರಾಯ್ಡಿನ ಮೂಲ ತಂತ್ರಾಂಶಕ್ಕೆ ಕನ್ನಡ, ತೆಲುಗು, ಮಲೆಯಾಳಗಳು ಸೇರಿದುದು ೨೦೧೨ರ ೪.೧ನೆಯ ಆವೃತ್ತಿಯಲ್ಲಿ. ಅದಕ್ಕೆ ಹಿಂದೆ ಕನ್ನಡ ಪುಟಗಳು ಬರಿಯ ಚೌಕಗಳಾಗಿ ಕಾಣುತ್ತಿದ್ದುವು. ಓಪೆರಾ ಮಿನಿ ಎಂಬ ಜಾಲದರ್ಶಕವು ದೂರದ ಕಂಪ್ಯೂಟರಿನಲ್ಲಿಯೇ ಅಕ್ಷರಗಳನ್ನು ಚಿತ್ರವಾಗಿ ಬರೆಯಿಸಿ ಕಳುಹಿಸುವ ಉಪಾಯವನ್ನು ಹೂಡಿತ್ತು. ಓದುವುದಕ್ಕೆ ಅದು ಸಾಕಾಗುತ್ತಿತ್ತು. ಆಪಲ್ ಮೊಬೈಲಿನಲ್ಲಿ ಕನ್ನಡದ ಕೀಲಿಮಣೆ ಸಂಸ್ಥೆಯ ಕಡೆಯಿಂದಲೇ ದೊರೆತುದು ೨೦೧೭ರಲ್ಲಿ.

ಇಂದು ಕನ್ನಡ ತಂತ್ರಾಂಶವನ್ನು ರಚಿಸುವವನ ಮುಂದೆ ಎರಡು ಮಾರ್ಗಗಳಿವೆ. ಯಂತ್ರದಲ್ಲಿರುವ ಜೋಡಣೆಗಾರನನ್ನೂ ಫಾಂಟನ್ನೂ ನೆಚ್ಚಬಹುದು. ಆಗ ತಂತ್ರಾಂಶ ಹಗುರವಾಗಿರುವುದು, ಆದರೆ ಆಂಡ್ರಾಯ್ಡಿನಲ್ಲಿ ಒಂದು ಬಗೆ ಆಪಲ್‌ನಲ್ಲಿ ಇನ್ನೊಂದು ಬಗೆ ಕಂಡರೆ ಸಹಿಸಬೇಕು. ಇಲ್ಲವೆ ಜೋಡಣೆಗಾರನನ್ನೂ ಫಾಂಟನ್ನೂ ತನ್ನೊಡನೆ ಕಟ್ಟಿಕೊಂಡು ಹೋಗಬಹುದು. ‘ಫ್ಲಟರ್’ ಎಂಬ ಬಹುಯಂತ್ರ ಸಾಧನ ಅನುಸರಿಸಿದುದು ಈ ಮಾರ್ಗವನ್ನು. ಬಸ್ಸಿನ ಚೀಟಿಗೂ ಅಂಗಡಿಯ ಲೆಕ್ಕಕ್ಕೂ ಮೊದಲನೆಯದು ಧಾರಾಳವಾಗಿ ಸಾಕು. ಹಳಗನ್ನಡ ಕಾವ್ಯವನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕೆನ್ನುವವರಿಗೆ ಎರಡನೆಯದನ್ನು ಬಿಟ್ಟು ಗತಿಯಿಲ್ಲ. ಕಾರಣವೇನೆಂದರೆ ೞಕಾರ ಱಕಾರಗಳಿಗೆ ಯೂನಿಕೋಡಿನಲ್ಲಿ ಸ್ಥಾನವುಂಟಾದರೂ, ಅವುಗಳ ಒತ್ತಿನ ರೂಪವನ್ನು ಫಾಂಟಿನವರು ಬರೆದಿಡದಿದ್ದರೆ, ಲೈಬ್ರರಿಯು ಅಕ್ಷರವನ್ನು ಸರಿಯಾಗಿ ವಿಂಗಡಿಸಿದರೂ ಹಲಂತವು ಬಿಡಿಯಾಗಿ ಮೇಲೆ ಉಳಿದು ಒತ್ತಾಗಬೇಕಾದುದು ಪಕ್ಕದಲ್ಲಿ ನಿಲ್ಲುವುದು. ೨೦೨೧ರಲ್ಲಿ ಯೂನಿಕೋಡಿನ ೧೪ನೆಯ ಆವೃತ್ತಿಯಲ್ಲಿ ಕನ್ನಡದ ನಕಾರಪೊಲ್ಲಿಗೆ ಒಂದು ಸ್ಥಾನ ದೊರೆಯಿತು. ಆದರೆ ಅದಕ್ಕೆ ಹಿಂದೆ ತಯಾರಾಗಿ ಹೊಸ ಆವೃತ್ತಿಯನ್ನು ಕಾಣದ ಮೊಬೈಲಿನಲ್ಲಿ ಅದು ಇಂದಿಗೂ ಖಾಲಿ ಚೌಕವೇ. ವಿದ್ಯಾರ್ಥಿಗಳ ಕೈಯಲ್ಲಿರುವುದು ಎಷ್ಟೋ ವೇಳೆ ಮನೆಯ ಹಿರಿಯರು ಬಳಸಿ ಬಿಟ್ಟ ಹಳೆಯ ಮೊಬೈಲೆಂಬುದನ್ನು ಅಧ್ಯಾಪಕರು ಬಲ್ಲರು.

ೞಕಾರದ ವಿಷಯದಲ್ಲಿ ಇನ್ನೊಂದು ವಿನೋದವಿದೆ. ಕೇಶಿರಾಜನು ರಳ, ಕುಳ, ಕ್ಷಳಗಳೆಂದು ಅಷ್ಟು ಶ್ರಮದಿಂದ ಬೇರ್ಪಡಿಸಿದ ಅಕ್ಷರಗಳಲ್ಲಿ ಮೊದಲನೆಯದಕ್ಕೆ ಯೂನಿಕೋಡಿನವರು ಕೊಟ್ಟ ಅಧಿಕೃತ ಹೆಸರು ‘ಫ’ ಎಂದು! ಹೆಸರು ತಪ್ಪೆಂದು ಆಮೇಲೆ ತಿಳಿದರೂ, ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಅವರ ನಿಯಮವಾದುದರಿಂದ ಮೂಲ ಹೆಸರು ಹಾಗೆಯೇ ನಿಂತು, ಸರಿಯಾದ ಹೆಸರು ಅದರ ಪಕ್ಕದಲ್ಲಿ ತಿದ್ದುಪಡಿಯಾಗಿ ಸೇರಿದೆ. ಜೋಡಣೆಗೆ ಇದರಿಂದ ಬಾಧಕವಿಲ್ಲ, ಲೈಬ್ರರಿಯು ನೋಡುವುದು ಸಂಖ್ಯೆಯನ್ನೇ ಹೊರತು ಹೆಸರನ್ನಲ್ಲ. ಆದರೂ ಆ ಪಟ್ಟಿ ಸಿದ್ಧವಾದಾಗ ಹಳಗನ್ನಡ ಬಲ್ಲವರೊಬ್ಬರ ಕಣ್ಣಿಗೆ ಅದು ಬಿದ್ದಿರಲಿಲ್ಲವೆಂದು ಊಹಿಸದಿರುವುದು ಕಷ್ಟ.

ಲೈಬ್ರರಿಯ ಪರೀಕ್ಷೆಯಲ್ಲಿಯೂ ಇದೇ ಸಂದೇಹಕ್ಕೆ ಅವಕಾಶವಿದೆ. ಹಾರ್ಫ್‌ಬಜ್‌ನ ರಚಕರು ಭಾರತೀಯ ಲಿಪಿಗಳ ಜೋಡಣೆಯನ್ನು ಪರೀಕ್ಷಿಸಿದ ಬಗೆ ಹೀಗೆ: ಆಯಾ ಭಾಷೆಯ ವಿಕಿಪೀಡಿಯದಿಂದ ಲಕ್ಷಗಟ್ಟಲೆ ಪದಗಳನ್ನು ಆರಿಸಿಕೊಂಡು, ಒಂದೇ ಫಾಂಟಿನಲ್ಲಿ ತಮ್ಮ ಲೈಬ್ರರಿಯಿಂದಲೂ ಮೈಕ್ರೋಸಾಫ್ಟಿನ ‘ಯೂನಿಸ್ಕ್ರೈಬ್’ ಎಂಬ ಜೋಡಣೆಗಾರನಿಂದಲೂ ಜೋಡಿಸಿ, ಎರಡೂ ಒಂದೇ ಆಗಿವೆಯೇ ಎಂದು ತಾಳೆನೋಡಿದರು. ಹೊಂದದೆ ಉಳಿದ ಕನ್ನಡ ಪದಗಳು ಬಹಳ ಸ್ವಲ್ಪ. ಬಹುಯಂತ್ರ ಸಾಧಾರಣತೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲವೆಂಬುದು ನಿಜ. ಎಲ್ಲೆಡೆಯೂ ಒಂದೇ ರೂಪ ಕಾಣಬೇಕೆಂಬುದೇ ಅದರ ಗುರಿಯಷ್ಟೆ. ಆದರೆ ಎರಡು ಪ್ರತಿಗಳು ಒಂದಕ್ಕೊಂದು ಹೊಂದುವ ಮಾತ್ರಕ್ಕೆ ಪಾಠ ಶುದ್ಧವೆಂದು ಸಿದ್ಧವಾಗುವುದಿಲ್ಲ. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲನೆಯ ಜೋಡಣೆಗಾರನು ಮಾಡಿದ ತಪ್ಪನ್ನು ಎರಡನೆಯವನು ನಿಷ್ಠೆಯಿಂದ ಅನುಸರಿಸಿದರೆ ಆ ತಪ್ಪೇ ಪ್ರಮಾಣವಾಗುವುದು. ಮೇಲಾಗಿ ವಿಕಿಪೀಡಿಯದ ಕನ್ನಡ ಇಂದಿನ ಕನ್ನಡ; ಅದರಲ್ಲಿ ಪಂಪ ರನ್ನರ ಶಬ್ದರೂಪಗಳು ವಿರಳ, ಜಿಹ್ವಾಮೂಲೀಯ ಉಪಧ್ಮಾನೀಯಗಳು ಇನ್ನೂ ವಿರಳ. ಪರೀಕ್ಷೆಗೆ ಒಳಗಾಗದ ಅಕ್ಷರಸಂಯೋಗ ಸರಿಯಾಗಿ ಕಂಡರೆ ಅದು ವಿಧಿಯ ಸಾಮಾನ್ಯತೆಯಿಂದ, ಕಾಣದಿದ್ದರೆ ವಿಚಾರಿಸುವವರಿಲ್ಲ. ಲೈಬ್ರರಿಗೆ ಅನ್ಯಾಯವೆಂದು ತೋರಿದ ಸಾಲುಗಳಲ್ಲಿ, ಉದಾಹರಣೆಗೆ ಆಧಾರವಿಲ್ಲದೆ ಬಂದ ಸ್ವರಚಿಹ್ನೆಯಲ್ಲಿ, ಅದು ತಾನಾಗಿ ಚುಕ್ಕೆಗಳ ಒಂದು ವರ್ತುಲವನ್ನು ನಡುವೆ ಇಟ್ಟು ತೋರಿಸುವುದು. ಯಾವುದು ಅಕ್ಷರ, ಯಾವುದು ಅಲ್ಲ ಎಂಬ ತೀರ್ಪನ್ನು ಕೊಡುವ ಅಧಿಕಾರ ಹೀಗೆ ಅದರ ಕೈಯಲ್ಲಿದೆ. ಒಂದು ಶಾಸನದ ಪಾಠದಲ್ಲಿ ಲಿಪಿಕಾರನು ನಿಜವಾಗಿಯೂ ಆಧಾರವಿಲ್ಲದ ಸ್ವರಚಿಹ್ನೆಯೊಂದನ್ನು ಕೊರೆದಿದ್ದರೆ, ಅದನ್ನು ಇದ್ದಂತೆ ಮುದ್ರಿಸಹೊರಟ ಸಂಪಾದಕನ ಪುಟದಲ್ಲಿಯೂ ಆ ವರ್ತುಲ ಮೂಡುವುದು.

ಈ ಲೈಬ್ರರಿಯ ವಿಧಿಗಳೂ ಪರೀಕ್ಷಾಪದಗಳ ಪಟ್ಟಿಗಳೂ ಬಹಿರಂಗವಾಗಿವೆ. ಯಾರು ಬೇಕಾದರೂ ಓದಬಹುದು, ತಪ್ಪೆಂದು ಕಂಡುದನ್ನು ಆಧಾರಸಹಿತವಾಗಿ ತಿಳಿಸಬಹುದು, ಹೊಸ ಪದಗಳನ್ನು ಪರೀಕ್ಷೆಗೆ ಸೇರಿಸಬೇಕೆಂದು ಸೂಚಿಸಬಹುದು. ಅದಕ್ಕೆ ಸಿ ಭಾಷೆಯ ಜ್ಞಾನ ಕೂಡ ಅನಿವಾರ್ಯವಲ್ಲ: ಬರೆದ ಸಂಖ್ಯೆಗಳ ಸಾಲು, ಬಳಸಿದ ಫಾಂಟಿನ ಹೆಸರು, ಯಂತ್ರದಲ್ಲಿ ಕಂಡ ರೂಪದ ಚಿತ್ರ, ಇರಬೇಕಾದ ರೂಪಕ್ಕೆ ಓಲೆಯ ಪ್ರತಿಯಿಂದಲೋ ಅಚ್ಚಾದ ಗ್ರಂಥದಿಂದಲೋ ಒಂದು ನಿದರ್ಶನ, ಇವಿಷ್ಟಿದ್ದರೆ ಸಾಕು. ೞ, ಱಗಳು ಒತ್ತಾಗಿ ಬರುವ ಹಳಗನ್ನಡ ಶಬ್ದಗಳ ಒಂದು ಪಟ್ಟಿಯನ್ನು ಮೊದಲು ಸಿದ್ಧಮಾಡುವುದು ಸುಲಭ. ವ್ಯಾಕರಣಗ್ರಂಥಗಳ ಉದಾಹರಣೆಗಳಲ್ಲಿಯೇ ಅದಕ್ಕೆ ಬೇಕಾದ ಸಾಮಗ್ರಿಯ ಬಹುಭಾಗ ಸಿಕ್ಕುವುದು.